ಲಕ್ಷ ಎಂಬ ಗುರುತು, ಕೋಟಿ ಎಂಬ ತುದಿ

ಅಮ್ಮ ತುಮಕೂರಿನವಳು. ಮದುವೆಯಾಗಿ ಮುಂಬೈಗೆ ಬಂದಾಗ ಅವಳಿಗೆ ಮರಾಠಿ ಒಂದಕ್ಷರವೂ ಬರುತ್ತಿರಲಿಲ್ಲ. ಮೊದಲ ವಾರವೇ ದಾದರ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಾ ನಿಂತಿದ್ದಾಗ ಮೈಕಿನಲ್ಲಿ ಒಂದು ಹೆಣ್ಣುದನಿ ಕೇಳಿಸಿತಂತೆ: "ಕೃಪಯಾ ಲಕ್ಷ ದ್ಯಾ." ಕೃಪಯಾ ಗೊತ್ತಾಯಿತು, ಲಕ್ಷವೂ ಗೊತ್ತಾಯಿತು. 'ದ್ಯಾ' ಅಂದರೆ ಏನು ಅಂತ ಅಪ್ಪನನ್ನು ಕೇಳಿದಳು. "ಕೊಡಿ" ಅಂದರು ಅಪ್ಪ. ದಯವಿಟ್ಟು ಲಕ್ಷ ಕೊಡಿ! ಇಷ್ಟು ಜನರ ಮುಂದೆ ಯಾರು ಯಾರಿಗೆ ಲಕ್ಷ ಕೇಳುತ್ತಿದ್ದಾರೆ ಅಂತ ಅವಳಿಗೆ ದಿಗಿಲಾಯಿತು.

ಅಪ್ಪ ಧಾರವಾಡದ ಕಡೆಯವರು. "ನಮ್ಮ ಕಡೆನೂ ಲಕ್ಷ್ಯ ಕೊಟ್ಟು ಕೇಳು ಅಂತೀವಲ್ಲ, ಅದೇ ಇದು" ಅಂತ ಬಿಡಿಸಿ ಹೇಳಿದರು. ಮರಾಠಿಯಲ್ಲಿ 'ಲಕ್ಷ' ಅಂದರೆ ಗಮನ. ನೂರು ಸಾವಿರಕ್ಕೆ ಅವರು ದಿನಬಳಕೆಯಲ್ಲಿ 'ಲಾಖ್' ಅನ್ನುತ್ತಾರೆ. ನಾವು ಕನ್ನಡಿಗರು ಗಮನಕ್ಕೆ 'ಲಕ್ಷ್ಯ' ಅಂದು, ಎಣಿಕೆಗೆ 'ಲಕ್ಷ' ಇಟ್ಟುಕೊಂಡಿದ್ದೇವೆ. ಒಂದು ಯ-ಒತ್ತಿನಷ್ಟೇ ದೂರ.

ಈ ಕತೆಯನ್ನು ಮನೆಯಲ್ಲಿ ನೂರು ಸಲ ಕೇಳಿದ್ದೇನೆ. ದೊಡ್ಡವನಾದ ಮೇಲೆ ಅದರೊಳಗಿನ ಪ್ರಶ್ನೆ ಕಾಡತೊಡಗಿತು. ಗಮನಕ್ಕೂ ನೂರು ಸಾವಿರಕ್ಕೂ ಒಂದೇ ಪದ ಬಂದದ್ದು ಹೇಗೆ? ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ದೊಡ್ಡ ಎಣಿಕೆಯ ನಮ್ಮ ಪದಗಳಲ್ಲಿ ಬಹಳಷ್ಟು ಎಣಿಕೆಯಾಗಿ ಹುಟ್ಟಿದವೇ ಅಲ್ಲ. ಮೊದಲು ಅವು ಕಣ್ಣಿಗೆ ಕಾಣುವ ವಸ್ತುಗಳ ಹೆಸರಾಗಿದ್ದವು. ಮೊತ್ತ ಆಮೇಲೆ ಬಂದು ಕೂತಿತು. ಹಾಗೆ ಕೂತದ್ದರಿಂದಲೇ ಅದು ಆಗಾಗ ಜಾಗ ಬದಲಿಸಿತು.

ಲಕ್ಷದಿಂದಲೇ ಶುರು ಮಾಡುತ್ತೇನೆ. ಸಂಸ್ಕೃತದ 'ಲಕ್ಷ' ಪದಕ್ಕೆ ಗುರುತು, ಗುರಿ ಎಂಬ ಅರ್ಥಗಳಿವೆ. ಬಿಲ್ಲುಗಾರ ಕಣ್ಣಿಡುವ ಜಾಗವೇ ಲಕ್ಷ್ಯ. ಕಣ್ಣಿಟ್ಟರೆ ಲಕ್ಷ್ಯ ಕೊಟ್ಟಂತೆ, ಇಡದಿದ್ದರೆ ಅಲಕ್ಷ್ಯ, ನಿರ್ಲಕ್ಷ್ಯ. ಮರಾಠಿಯವರು ಅದಕ್ಕೆ 'ದುರ್ಲಕ್ಷ' ಅನ್ನುತ್ತಾರೆ. ಗುರುತು ಹಿಡಿಯಲು ಬೇಕಾದದ್ದು ಲಕ್ಷಣ. ಲಕ್ಷ್ಮಿ ಕೂಡ ಇದೇ ಮನೆಯ ಹೆಣ್ಣುಮಗಳು. ವೇದದ ಕಾಲದಲ್ಲಿ 'ಲಕ್ಷ್ಮೀ' ಅಂದರೆ ಗುರುತು, ಚಿಹ್ನೆ. ಅಥರ್ವವೇದದಲ್ಲಿ ಕೆಟ್ಟ ಲಕ್ಷ್ಮಿಯನ್ನು ದೂರ ಕಳಿಸುವ ಮಂತ್ರವೂ ಇದೆ. ಕೆಟ್ಟ ಲಕ್ಷ್ಮಿ ಅಂದರೆ ಕೆಟ್ಟ ಗುರುತು. ಒಳ್ಳೆಯ ಗುರುತು, ಆಮೇಲೆ ಅದೃಷ್ಟ, ಆಮೇಲೆ ಸಿರಿ, ಹೀಗೆ ಬೆಳೆದು ಬಂದವಳು ನಾವು ಶುಕ್ರವಾರ ಪೂಜಿಸುವ ತಾಯಿ.

ಋಗ್ವೇದದ ಎರಡನೇ ಮಂಡಲದಲ್ಲಿ ಇಂದ್ರನ ಮೇಲೆ ಒಂದು ಹೆಸರಾಂತ ಸೂಕ್ತವಿದೆ, ಹನ್ನೆರಡನೆಯದು. ಅಲ್ಲಿ ಗೆದ್ದ ಜೂಜುಗಾರ 'ಲಕ್ಷ'ವನ್ನು ಎತ್ತಿಕೊಂಡಂತೆ ಎಂಬ ಹೋಲಿಕೆ ಬರುತ್ತದೆ. ಆ ಲಕ್ಷಕ್ಕೆ ಪಣ ಎಂದರ್ಥ. ಆಟಕ್ಕೆ ಇಟ್ಟ, ಎಲ್ಲರ ಕಣ್ಣೂ ನೆಟ್ಟಿರುವ ವಸ್ತು. ದುಡ್ಡಿನ ಮೇಲೇ ಎಲ್ಲರ ಕಣ್ಣು ನೆಟ್ಟಿರುವ ಈ ಮುಂಬೈಯಲ್ಲಿ ಬೆಳೆದವನಿಗೆ ಆ ಸಾಲು ತುಂಬಾ ಹತ್ತಿರದ್ದು ಅನ್ನಿಸುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮರಾಠಿಯಲ್ಲಿ 'ಲಾಖ್' ಅಂದರೆ ಅರಗು ಕೂಡ ಹೌದು, ಅರಗಿನ ಬಳೆಯ ಅರಗು. ಅರಗು ಮಾಡುವ ಹುಳುಗಳು ಲೆಕ್ಕವಿಲ್ಲದಷ್ಟು ಇರುತ್ತವೆ, ಅದಕ್ಕೇ ಲಕ್ಷ ಎಂಬ ಹೆಸರು ಬಂತು ಅಂತ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ನನಗೆ ಒಪ್ಪಿಗೆಯಿಲ್ಲ. ಅರಗಿನ ಸಂಸ್ಕೃತ ಹೆಸರು 'ಲಾಕ್ಷಾ'. ಪಾಂಡವರ ಅರಗಿನ ಮನೆ ಲಾಕ್ಷಾಗೃಹ. ಅದು ಬೇರೆ ಪದ, ಇದು ಬೇರೆ ಪದ. ಕಾಲ ಕಳೆದಂತೆ ಎರಡೂ ಸವೆದು ಮರಾಠಿ, ಹಿಂದಿಯಲ್ಲಿ ಒಂದೇ ಸದ್ದಾದವು, ಅಷ್ಟೇ. ಕನ್ನಡದಲ್ಲಿ ಲಕ್ಷ ಸವೆದು 'ಲಕ್ಕ' ಆಯಿತು. ಅರಗಿನ ಜತೆ ಅದಕ್ಕೆ ನಂಟೇ ಇಲ್ಲ.

ಸರಿ, ಲಕ್ಷ ಎಣಿಕೆಯಾಗುವ ಮೊದಲು ನೂರು ಸಾವಿರಕ್ಕೆ ಏನು ಅನ್ನುತ್ತಿದ್ದರು? ಯಜುರ್ವೇದದಲ್ಲಿ ಒಂದು ಪಟ್ಟಿ ಇದೆ. ಯಜ್ಞದ ವೇದಿಕೆಗೆ ಇಟ್ಟಿಗೆ ಜೋಡಿಸುವವನು, ಈ ಇಟ್ಟಿಗೆಗಳೆಲ್ಲ ನನಗೆ ಹಾಲು ಕೊಡುವ ಹಸುಗಳಾಗಲಿ ಎಂದು ಬೇಡುತ್ತಾನೆ. ಎಷ್ಟು ಹಸು? ಏಕ, ದಶ, ಶತ, ಸಹಸ್ರ, ಅಯುತ, ನಿಯುತ, ಪ್ರಯುತ, ಅರ್ಬುದ, ನ್ಯರ್ಬುದ, ಸಮುದ್ರ, ಮಧ್ಯ, ಅಂತ, ಪರಾರ್ಧ. ಪ್ರತಿ ಹೆಜ್ಜೆಗೂ ಹತ್ತು ಪಟ್ಟು. ಹದಿಮೂರನೆಯದಾದ ಪರಾರ್ಧ ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ. ಈ ಪಟ್ಟಿಯಲ್ಲಿ ಲಕ್ಷವೂ ಇಲ್ಲ, ಕೋಟಿಯೂ ಇಲ್ಲ! ನೂರು ಸಾವಿರದ ಜಾಗದಲ್ಲಿ ನಿಯುತ ಇದೆ, ಕೋಟಿಯ ಜಾಗದಲ್ಲಿ ಅರ್ಬುದ ಇದೆ. ನಡುವೆ ಸಮುದ್ರ ಬರುತ್ತದೆ ನೋಡಿ. ಎಣಿಸಿ ಎಣಿಸಿ ಸಾಕಾದವನು ಕಡಲಿನ ಮುಂದೆ ನಿಂತ ಹಾಗಿದೆ ಆ ಪಟ್ಟಿ.

ಜನ ಬೇರೆ ದಾರಿಯನ್ನೂ ಹಿಡಿದಿದ್ದರು. ನೂರು ಸಾವಿರವನ್ನು ಹಾಗೇ 'ಶತಸಹಸ್ರ' ಅನ್ನುತ್ತಿದ್ದರು. ಅಶೋಕ ತನ್ನ ಬಂಡೆ ಶಾಸನದಲ್ಲಿ ಕಳಿಂಗ ಯುದ್ಧದ ಲೆಕ್ಕ ಕೊಡುವುದು ಹೀಗೇ: ಒಂದೂವರೆ ಶತಸಹಸ್ರ ಜನ ಸೆರೆಯಾಗಿ ಹೋದರು, ಒಂದು ಶತಸಹಸ್ರ ಜನ ಸತ್ತರು. ಅದೇ ಅಶೋಕನ ಬೇರೆ ಬಂಡೆ ಶಾಸನಗಳ ತುಂಡುಗಳು ನಮ್ಮ ವೆಸ್ಟರ್ನ್ ಲೈನಿನ ನಾಲಾಸೋಪಾರಾದಲ್ಲೂ ಸಿಕ್ಕಿವೆ. ಅವನಾದ ಮೇಲೆ ಶತಮಾನಗಳು ಕಳೆದು ಕೆತ್ತಿದ ನಾಸಿಕದ ಗುಹೆಯೊಂದರ ಶಾಸನದಲ್ಲಿ ಉಷವದಾತ ಎಂಬ ದಾನಿ ತಾನು ಮೂರು ಶತಸಹಸ್ರ ಹಸುಗಳನ್ನು ಕೊಟ್ಟೆ ಎಂದು ಬರೆಸಿದ್ದಾನೆ. ಅವನ ದಾನ ನಡೆದ ಊರುಗಳಲ್ಲಿ ಸೋಪಾರವೂ ಒಂದು.

ಇನ್ನು ಕೋಟಿ. ಈ ಪದದ ಹಳೆಯ ಅರ್ಥ ಬಾಗಿದ ತುದಿ, ಅದರಲ್ಲೂ ಬಿಲ್ಲಿನ ತುದಿ. ರಾಮೇಶ್ವರದ ಆಚೆ ಧನುಷ್ಕೋಟಿ ಇದೆಯಲ್ಲ, 1964ರ ಚಂಡಮಾರುತದಲ್ಲಿ ಹಾಳಾದ ಊರು, ಅದರ ಹೆಸರಿನಲ್ಲಿ ಈ ಅರ್ಥ ಹಾಗೇ ಉಳಿದಿದೆ. ಧನುಸ್ಸಿನ ತುದಿ. ಲಕ್ಷ ಬಾಣದ ಗುರಿ, ಕೋಟಿ ಬಿಲ್ಲಿನ ತುದಿ. ನಾವು ದಿನವೂ ಬ್ಯಾಂಕಿನಲ್ಲಿ, ಪೇಪರಿನಲ್ಲಿ, ಚುನಾವಣೆಯ ಭಾಷಣದಲ್ಲಿ ಕೇಳುವ ಎರಡು ದೊಡ್ಡ ಎಣಿಕೆಗಳೂ ಬಿಲ್ಲುಗಾರನಿಗೆ ಚೆನ್ನಾಗಿ ಗೊತ್ತಿದ್ದ ಪದಗಳು. ಇದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ತುದಿ ಅಂದಮೇಲೆ ಅದಕ್ಕಿಂತ ಮೇಲೆ ಇಲ್ಲ. ಹಾಗಾಗಿ ಕೋಟಿಗೆ ಎತ್ತರದ ದರ್ಜೆ ಎಂಬ ಅರ್ಥ ಬಂತು. 'ಉಚ್ಚ ಕೋಟಿಯ ವಿದ್ವಾಂಸ' ಅನ್ನುತ್ತೇವೆ. ದರ್ಜೆಯಿಂದ ವರ್ಗ, ಬಗೆ ಎಂಬ ಅರ್ಥವೂ ಹೊರಟಿತು. ಎಣಿಕೆಯ ಅರ್ಥ ಗಟ್ಟಿಯಾಗಿ ಕಾಣುವುದು ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ. ಸಂದರ್ಭ ಜನಜಂಗುಳಿಯದೇ, ಅಂದರೆ ಕಪಿಜಂಗುಳಿಯದು. ಲಂಕೆಯ ಎದುರು ಬಂದು ನಿಂತ ಕಪಿಸೇನೆ ಎಷ್ಟಿದೆ ಎಂದು ಗೂಢಚಾರ ಶುಕ ರಾವಣನಿಗೆ ವರದಿ ಒಪ್ಪಿಸಬೇಕು. ಕೈಯಲ್ಲಿ ಎಣಿಸಿ ಮುಗಿಯುವ ಸೇನೆಯಲ್ಲ. ಹಾಗಾಗಿ ಮೊದಲು ಅಳತೆ ಹೇಳಿಕೊಡುತ್ತಾನೆ: ನೂರು ಶತಸಹಸ್ರಕ್ಕೆ ತಿಳಿದವರು ಕೋಟಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಶಂಕು, ವೃಂದ, ಪದ್ಮ ಎಂದು ಏರುತ್ತಾ ಹೋಗುತ್ತಾನೆ. ಗಮನಿಸಿ, ಕೋಟಿ ಎಂಬ ಪದ ಅವನ ಬಾಯಲ್ಲಿ ಸಲೀಸಾಗಿ ಬರುತ್ತದೆ. ಲಕ್ಷ ಬರುವುದಿಲ್ಲ, ಅಲ್ಲಿ ಶತಸಹಸ್ರವೇ ಇದೆ.

ಜನರ ಗುಂಪಿಗೂ ಕೋಟಿಗೂ ಇರುವ ಈ ನಂಟು ಕನ್ನಡದಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಭಕ್ತಕೋಟಿ, ಜೀವಕೋಟಿ ಅನ್ನುವಾಗ ಯಾರೂ ಏಳು ಸೊನ್ನೆ ಎಣಿಸುವುದಿಲ್ಲ. ಎಣಿಸಲಾಗದಷ್ಟು, ಅಂತಲೇ ಅರ್ಥ. 'ಕೋಟಿಗೊಬ್ಬ' ಕೂಡ ಹಾಗೇ.

ಮೂವತ್ತಮೂರು ಕೋಟಿ ದೇವತೆಗಳ ವಿಷಯಕ್ಕೆ ಬರೋಣ. ಮಾಟುಂಗಾದ ಗಣಪತಿ ಪೆಂಡಾಲಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಈ ಚರ್ಚೆ ನಾನು ಕೇಳುತ್ತಲೇ ಇರುತ್ತೇನೆ. "ಕೋಟಿ ಅಂದರೆ ಇಲ್ಲಿ ಬಗೆ, ಅಂದರೆ ಮೂವತ್ತಮೂರು ಬಗೆಯ ದೇವರು" ಎಂದು ಯಾರಾದರೂ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಕೋಟಿಗೆ ಬಗೆ ಎಂಬ ಅರ್ಥ ಇರುವುದು ನಿಜ. ಆದರೂ ಈ ವಿವರಣೆ ನಿಲ್ಲುವುದಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಯಾಜ್ಞವಲ್ಕ್ಯನನ್ನು ದೇವತೆಗಳು ಎಷ್ಟು ಎಂದು ಮತ್ತೆ ಮತ್ತೆ ಕೇಳುತ್ತಾನೆ. ಯಾಜ್ಞವಲ್ಕ್ಯ ದೊಡ್ಡ ಸಂಖ್ಯೆಯಿಂದ ಶುರು ಮಾಡಿ ಮೂವತ್ತಮೂರು, ಆರು, ಮೂರು, ಎರಡು, ಒಂದೂವರೆ, ಕೊನೆಗೆ ಒಂದು ಎನ್ನುತ್ತಾನೆ. ಆ ಮೂವತ್ತಮೂರು ಯಾರು ಎಂದೂ ಬಿಡಿಸುತ್ತಾನೆ: 8 ವಸುಗಳು, 11 ರುದ್ರರು, 12 ಆದಿತ್ಯರು, ಇಂದ್ರ, ಪ್ರಜಾಪತಿ. ಇಲ್ಲಿ ಕೋಟಿ ಎಂಬ ಪದವೇ ಇಲ್ಲ. ಇವು ಮೂವತ್ತಮೂರು ಬಗೆಯೂ ಅಲ್ಲ. ಎಂಟು ವಸುಗಳು ಸೇರಿ ಒಂದೇ ಬಗೆ, ಅಲ್ವಾ? ಮೂವತ್ತಮೂರರ ಪಕ್ಕ ಕೋಟಿ ಆಮೇಲೆ ಬಂದು ಸೇರಿತು, ಭಕ್ತಕೋಟಿಯ ಕೋಟಿಯ ಹಾಗೆ, ದೇವರ ಹಿರಿಮೆ ಹೇಳಲು. ಅದನ್ನು ತಪ್ಪು ಅಂತ ತಿದ್ದಲು ಹೋಗಬೇಕಾಗಿಲ್ಲ.

ಮರಾಠಿ ಗೆಳೆಯರು ಇದಕ್ಕೆ ಇನ್ನೊಂದು ಅರ್ಥ ಸೇರಿಸಿದ್ದಾರೆ. ಅವರಲ್ಲಿ 'ಕೋಟಿ ಮಾಡುವುದು' ಅಂದರೆ ಪದದ ಮೇಲೆ ಪದ ಹೊಂದಿಸಿ ಚಮತ್ಕಾರ ಮಾಡುವುದು, ನಾವು ಪನ್ ಅನ್ನುವುದು. ಮುಂಬೈಯಲ್ಲೇ ಹುಟ್ಟಿದ ಮರಾಠಿ ಲೇಖಕ ಪು. ಲ. ದೇಶಪಾಂಡೆ ಇದರಲ್ಲಿ ಎಷ್ಟು ಪಳಗಿದ್ದರೆಂದರೆ ಜನ ಅವರನ್ನು ಪ್ರೀತಿಯಿಂದ 'ಕೋಟ್ಯಾಧೀಶ' ಎಂದು ಕರೆದರು. ಮಾತಿನ ಕೋಟಿಗಳ ಒಡೆಯ.

ಹಳೆಯ ಪಟ್ಟಿಯ ಹೆಸರುಗಳು ಎಲ್ಲಿ ಹೋದವು? ಉತ್ತರದ ಒಂದು ತುಂಡು ನಮ್ಮ ನಾಡಿನಲ್ಲೇ ಸಿಗುತ್ತದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಇದ್ದ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ಆ ರಾಷ್ಟ್ರಕೂಟರ ರಾಜ್ಯದಲ್ಲಿ ಇವತ್ತಿನ ಮಹಾರಾಷ್ಟ್ರ, ಕೊಂಕಣವೂ ಸೇರಿತ್ತು. ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟ. ಆ ಸಾಲು ಹೀಗೆ ಶುರುವಾಗುತ್ತದೆ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ. ಓದಿದ ಕೂಡಲೇ ಮನೆಗೆ ಬಂದ ಹಾಗಾಗುತ್ತದೆ. ಅಯುತ ಹೋಗಿ ಹತ್ತು ಸಾವಿರ ಬಂದಿದೆ, ಪ್ರಯುತ ಹೋಗಿ ಹತ್ತು ಲಕ್ಷ ಬಂದಿದೆ. ನಾವು ಇವತ್ತು ಎಣಿಸುವುದೂ ಹೀಗೇ ಅಲ್ವಾ?

ದೊಡ್ಡ ಸಂಖ್ಯೆ ಬರೆಯುವಾಗ ನಮ್ಮ ಕಾಮಾ ಬೇರೆಯವರಿಗಿಂತ ಬೇರೆ ಜಾಗದಲ್ಲಿ ಯಾಕೆ ಬೀಳುತ್ತದೆ ಅನ್ನುವುದಕ್ಕೂ ಇದೇ ಉತ್ತರ. ಮುಂಬೈ ಮಹಾನಗರದ ಜನಸಂಖ್ಯೆ 2011ರ ಗಣತಿಯಲ್ಲಿ 1,24,42,373. ಇದನ್ನು ಬಾಯಿಬಿಟ್ಟು ಓದಿ: ಒಂದು ಕೋಟಿ, ಇಪ್ಪತ್ನಾಲ್ಕು ಲಕ್ಷ, ನಲವತ್ತೆರಡು ಸಾವಿರದ ಮುನ್ನೂರ ಎಪ್ಪತ್ತಮೂರು. ಹೊಸ ಹೆಸರು ಬರುವಲ್ಲೆಲ್ಲ ಕಾಮಾ. ಸಾವಿರ ಆದಮೇಲೆ ನಮ್ಮಲ್ಲಿ ಎರಡೆರಡು ಸ್ಥಾನಕ್ಕೆ ಒಂದು ಹೊಸ ಹೆಸರು. ಮಿಲಿಯನ್ ಎಣಿಸುವವರಿಗೆ ಮೂರು ಮೂರಕ್ಕೆ ಒಂದು. ಫೋರ್ಟಿನ ಆಫೀಸುಗಳಲ್ಲಿ ದಿನವೂ ಎರಡನ್ನೂ ಅದಲುಬದಲು ಮಾಡುವವರು ಹತ್ತು ಲಕ್ಷ ಅಂದರೆ ಒಂದು ಮಿಲಿಯನ್, ಒಂದು ಕೋಟಿ ಅಂದರೆ ಹತ್ತು ಮಿಲಿಯನ್ ಎಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಮೊತ್ತ ಜಾಗ ಬದಲಿಸುತ್ತದೆ ಅಂದೆನಲ್ಲ, ಅದಕ್ಕೆ ಅರ್ಬುದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಯಜುರ್ವೇದದಲ್ಲಿ ಅರ್ಬುದ ಒಂದು ಕೋಟಿ. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ ಹತ್ತು ಕೋಟಿ. ಹಿಂದಿಯವರ 'ಅರಬ್' ನೂರು ಕೋಟಿ. ಮಹಾವೀರಾಚಾರ್ಯನ ಪಟ್ಟಿಯಲ್ಲಿ ಸಾವಿರ ಕೋಟಿ. ಒಂದೇ ಪದ, ನಾಲ್ಕು ಬೆಲೆ. ಅರ್ಬುದ ಅಂದರೆ ಉಬ್ಬು, ಗಂಟು, ಗಡ್ಡೆ. ರಾಜಸ್ಥಾನದ ಅಬು ಬೆಟ್ಟ ಕೂಡ ಅರ್ಬುದವೇ. ಕ್ಯಾನ್ಸರಿಗೆ ನಾವು ಅರ್ಬುದ ರೋಗ ಅನ್ನುವುದೂ ಇದೇ ಪದದಿಂದ. ಉಬ್ಬಿದ್ದು ಎಷ್ಟು ಉಬ್ಬಿದೆ ಎಂಬುದು ನೋಡುವವರ ಕಣ್ಣಿಗೆ ಬಿಟ್ಟಿತ್ತು.

ಕಡಲು ದಾಟಿದಾಗ ಈ ಜಾರಾಟ ಇನ್ನೂ ಜಾಸ್ತಿಯಾಯಿತು. ಇಂಡೋನೇಷ್ಯಾದ ಭಾಷೆಯಲ್ಲಿ 'ಲಕ್ಸ' ಅಂದರೆ ಹತ್ತು ಸಾವಿರ ಮಾತ್ರ, 'ಕೆತಿ' ಅಂದರೆ ಒಂದು ಲಕ್ಷ. ಕೆತಿ ನಮ್ಮ ಕೋಟಿಯೇ. ಅಯುತ, ನಿಯುತಗಳ ಬಾಲ ಅಲ್ಲಿ 'ಜುತ' ಆಗಿ ಹತ್ತು ಲಕ್ಷಕ್ಕೆ ನಿಂತಿದೆ. ಪಶ್ಚಿಮಕ್ಕೆ ಹೋದ ಕರೋಡ್, ಅಂದರೆ ಹಿಂದಿಯವರ ಕೋಟಿ, ಇರಾನಿನಲ್ಲಿ 'ಕುರೂರ್' ಆಗಿ ಐದು ಲಕ್ಷಕ್ಕೆ ಇಳಿಯಿತು. ರಷ್ಯಾದ ಎದುರು ಸೋತ ಇರಾನ್ 1828ರ ತುರ್ಕ್‌ಮನ್‌ಚಾಯ್ ಒಪ್ಪಂದದಲ್ಲಿ ಹತ್ತು ಕುರೂರ್ ತುಮಾನ್ (ತುಮಾನ್ ಅಲ್ಲಿನ ನಾಣ್ಯ) ದಂಡ ಕೊಡಬೇಕಾಯಿತು. ನಮ್ಮ ಲೆಕ್ಕದಲ್ಲಿ ಓದಿದರೆ ಹತ್ತು ಕೋಟಿ. ಅವರ ಲೆಕ್ಕದಲ್ಲಿ ಐವತ್ತು ಲಕ್ಷ.

ಸಾವಿರವನ್ನೂ ಬಿಡುವ ಹಾಗಿಲ್ಲ. ಹತ್ತು, ನೂರು ನಮ್ಮ ಸ್ವಂತ ಪದಗಳು. ಸಾವಿರ ಸಂಸ್ಕೃತದ ಸಹಸ್ರದಿಂದ ಬಂದದ್ದು. ಹಳಗನ್ನಡದಲ್ಲಿ ಅದು ಸಾಸಿರ. ಶಾಸನಗಳ 'ಬನವಾಸಿ ಪನ್ನಿರ್ಚ್ಛಾಸಿರ', 'ಗಂಗವಾಡಿ ತೊಂಬತ್ತಾರು ಸಾಸಿರ' ನೆನಪಿಸಿಕೊಳ್ಳಿ. ನಾಡಿನ ಹೆಸರಿಗೇ ಸಂಖ್ಯೆ ಅಂಟಿಸುವ ರೂಢಿ ಅದು. ಮುಂಬೈ ಸುತ್ತಲಿನ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ನಾಡಿಗೂ 1400 ಎಂಬ ಸಂಖ್ಯೆ ಅಂಟಿತ್ತು. ತುಳುವಿನಲ್ಲಿ ಸಾವಿರ 'ಸಾರ' ಆಯಿತು. ತೆಲುಗಿನವರು ಮಾತ್ರ 'ವೇಯಿ' ಎಂಬ ತಮ್ಮದೇ ಪದ ಉಳಿಸಿಕೊಂಡರು. ಮರಾಠಿಯ 'ಹಜಾರ್' ಪರ್ಷಿಯನ್ನಿನಿಂದ ಬಂದದ್ದು. ನಮ್ಮ ಸಾವಿರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ ಅನ್ನಿಸುತ್ತದೆ. ಆದರೆ ಸಂಸ್ಕೃತದ ಸಹಸ್ರ, ಪರ್ಷಿಯನ್ನಿನ ಹಜಾರ್ ಒಂದೇ ತಾಯಿಬೇರಿನ ಮಕ್ಕಳು. ಗ್ರೀಕರ 'ಖಿಲಿಯೋಯ್' ಕೂಡ ಅದೇ ವಂಶದ್ದು, ಕಿಲೋ ಹುಟ್ಟಿದ್ದು ಅದರಿಂದ. ಮಾಟುಂಗಾ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕಿಲೋಗೆ ಹಜಾರ್ ಅಂತ ಹೂವಿನವನು ಹೇಳಿ, ಅಮ್ಮ "ಸಾವಿರಾನಾ!" ಅಂತ ಕೂಗಿದರೆ, ಒಂದೇ ಪದವನ್ನು ಮೂರು ಸಲ ಹೇಳಿದಂತಾಯಿತು.

ವಸ್ತುವಿನ ಹೆಸರು ಎಣಿಕೆಯಾಗುವುದು ಹಳೆಯ ಕಾಲಕ್ಕೇ ನಿಂತುಹೋಗಿಲ್ಲ. ಮುಂಬೈಯಲ್ಲಿ ಅದು ನಮ್ಮ ಕಣ್ಣೆದುರೇ ಮತ್ತೆ ನಡೆದಿದೆ. ಇಲ್ಲಿನ ಬೀದಿ ಮಾತಿನಲ್ಲಿ 'ಪೇಟಿ' ಅಂದರೆ ಒಂದು ಲಕ್ಷ, 'ಖೋಕಾ' ಅಂದರೆ ಒಂದು ಕೋಟಿ. ಪೇಟಿ ಅಂದರೆ ನಮ್ಮ ಪೆಟ್ಟಿಗೆ. ಖೋಕಾ ಅಂದರೆ ಖಾಲಿ ಡಬ್ಬ, ರಟ್ಟಿನ ಬಾಕ್ಸು. ಭೂಗತ ಲೋಕದ ಗುಟ್ಟಿನ ಮಾತಾಗಿ ಹೆಸರಾದವು, ಸಿನಿಮಾಗಳು ದೇಶಕ್ಕೆಲ್ಲ ಹರಡಿದವು. ಈಗ ಮನೆ ಕೊಳ್ಳುವ ಮಾತುಕತೆಯಲ್ಲೂ ದಲ್ಲಾಳಿಗಳ ಬಾಯಲ್ಲಿ ಸಲೀಸಾಗಿ ಬರುತ್ತವೆ. ಪೆಟ್ಟಿಗೆಯೇ ಯಾಕೆ? ಲಕ್ಷ ರೂಪಾಯಿಯ ನೋಟು ಸ್ವತಂತ್ರ ಭಾರತದಲ್ಲಿ ಎಂದೂ ಬಂದಿಲ್ಲ. ರಿಸರ್ವ್ ಬ್ಯಾಂಕ್ ಅಚ್ಚು ಹಾಕಿದ ಅತಿ ದೊಡ್ಡ ನೋಟು 10,000 ರೂಪಾಯಿಯದು. ಮೊದಲು ಬಂದದ್ದು 1938ರಲ್ಲಿ, ಕೊನೆಗೆ ರದ್ದಾದದ್ದು 1978ರಲ್ಲಿ. ಹಾಗಾಗಿ ಲಕ್ಷ ಅನ್ನುವುದು ಕೈಯಲ್ಲಿ ಹಿಡಿಯುವ ನೋಟಾಗಲೇ ಇಲ್ಲ, ಯಾವುದಾದರೂ ಒಂದರೊಳಗೆ ತುಂಬಿ ಕೊಡಬೇಕಾದ ರಾಶಿಯಾಗಿಯೇ ಉಳಿಯಿತು. ಆ 'ಯಾವುದಾದರೂ ಒಂದು' ಲಕ್ಷದ ಹೆಸರೇ ಆಯಿತು ಅಂತ ನನ್ನ ಎಣಿಕೆ. ವೇದದ ಜೂಜುಗಾರನ ಪಣ ಲಕ್ಷವಾದದ್ದಕ್ಕಿಂತ ಇದೇನೂ ವಿಚಿತ್ರವಲ್ಲ.

ಗುರುತು ಎಂಬ ಅರ್ಥದಿಂದ ಲಕ್ಷ ಎಣಿಕೆಗೆ ದಾಟಿದ ಬಗೆ ನನಗೆ ಮನಸ್ಸಿನಲ್ಲಿ ಕೂತದ್ದು ಪುಸ್ತಕದಿಂದಲ್ಲ, ಅಮ್ಮನಿಂದ. ಒಂದು ವರ್ಷ ಅವಳು ಲಕ್ಷಬತ್ತಿಯ ಹರಕೆ ಹೊತ್ತಳು. ಒಂದು ಲಕ್ಷ ಹತ್ತಿಯ ಬತ್ತಿ ಹೊಸೆದು, ತುಪ್ಪದಲ್ಲಿ ನೆನೆಸಿ, ಕಾರ್ತಿಕದಲ್ಲಿ ದೇವರ ಮುಂದೆ ಹಚ್ಚಬೇಕು. ಪಕ್ಕದ ಮನೆಯ ಕಾಕೂ ಮರಾಠಿಯವರು, ಅವರಲ್ಲೂ ಈ ಹರಕೆ ಇದೆ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ಇಬ್ಬರೂ ನಮ್ಮ ಹಾಲಿನಲ್ಲಿ ಕೂತು ಹೊಸೆಯುತ್ತಿದ್ದರು.

ಲಕ್ಷವನ್ನು ಯಾರೂ ಒಂದೊಂದಾಗಿ ನೆನಪಿಡಲಾರರು. ಅಮ್ಮ ನೂರು ಬತ್ತಿಗೆ ಒಂದು ಕಟ್ಟು ಮಾಡುತ್ತಿದ್ದಳು. ಹತ್ತು ಕಟ್ಟು ಆದರೆ ಡಬ್ಬಕ್ಕೆ ಹಾಕಿ, ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ನೂರು ಗೀಟಿಗೆ ಒಂದು ಲಕ್ಷ. ಡಬ್ಬದಲ್ಲಿ ಬತ್ತಿ ಎಷ್ಟಿದೆ ಅಂತ ಯಾರಾದರೂ ಕೇಳಿದರೆ ಅವಳು ಡಬ್ಬ ನೋಡುತ್ತಿರಲಿಲ್ಲ, ಗೀಟು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಮಾತಿನ ಭರದಲ್ಲಿ ಅವಳ ಕಟ್ಟಿನ ಲೆಕ್ಕ ತಪ್ಪಿತು. ಏಳೋ ಎಂಟೋ ತಿಳಿಯದೆ ಕೈ ನಿಲ್ಲಿಸಿದಳು. ಕಾಕೂ ತಲೆಯೆತ್ತಿ, "ವಹಿನೀ, ಲಕ್ಷ ಕುಠೇ ಆಹೇ ತುಮ್ಚಂ?" ಅಂದರು. ನಿಮ್ಮ ಗಮನ ಎಲ್ಲಿದೆ ಅಂತ. ಇಷ್ಟು ವರ್ಷದಲ್ಲಿ ಅಮ್ಮನಿಗೆ ಮರಾಠಿ ಚೆನ್ನಾಗಿ ಬಂದಿತ್ತು. ಅವಳು ಗೀಟಿನ ಪುಸ್ತಕವನ್ನು ಕಾಕೂ ಕಡೆಗೆ ತಿರುಗಿಸಿ, ಬೆರಳಿಟ್ಟು ತೋರಿಸಿದಳು. "ಲಕ್ಷ ಇಥೇ ಆಹೇ, ಕಾಕೂ. ಇನ್ನೂ ನಲವತ್ತೊಂದು ಗೀಟು ಬಾಕಿ."